ಒಂದು ಒಳಲಿ

ನನ್ನ ಮಾರಿ ಸುಮ್ಮನ ಕುಂಡ್ರೂ ಮಾರಿ ಅಲ್ಲ.
ಬಿಸಲು ತಾಗಿದರ ಉರೀತೈತಿ, ಕಡ್ಲಿಹಿಟ್ಟಿಗೆ ತುರಸ್ತೈತಿ,
ಕಪ್ಪತಗುಡ್ಡದ ಗಾಳಿ ಎದ್ದ ದಿನ
ಎರಡೂ ಗಲ್ಲ ಸುಟ್ಟ ಬದನಿಕಾಯಿ.
ಅಚ್ಚಿನ ಮಸಿ ಒರಸೂ ಚಿಮಣಿ ಎಣ್ಣಿ ವಾಸನಿಗೇ
ಕಣ್ಣ ಬುಡಕ ಗಂಧಿ ಏಳತಾವ.

ಗದಗಿನ ಪ್ರೆಸ್ಸಿನ್ಯಾಗ ಲಗ್ನಪತ್ರಿಕಿ ಮಡಚೂ ಕೆಲಸ,
ಹತ್ತೊಂಬತ್ತು ವರ್ಷ.
ಮಂದಿ ಮದಿವಿಗೆ ನಾಕೂ ಮೂಲಿ ಅರಿಷಿಣ ಹಚ್ಚಿದ್ದು ಈ ಬೆರಳು,
ಅದ ಬೆರಳಿಂದ ಬೆವರು ಒರಸಿಕೊಂಡು
ಸಂಜಿ ತನಕ ಉರದದ್ದು ಈ ಮಾರಿ.
"ಹುಡುಗಿ ಸೂಕ್ಷ್ಮ ಅದಾಳ್ರಿ," ಅಂತಿದ್ದಳು ಅತ್ತಿ.
ನೋಡಾಕ ಬಂದವರು ಅವಲಕ್ಕಿ ತಿಂದು
ಆ ಒಂದು ಶಬ್ದ ಅಷ್ಟ ಕಟಗೊಂಡು ಹೋದರು.

ಒಂದು ಮಧ್ಯಾಹ್ನ ಮೆಹರುನ್ನಿಸಾ ಫೋನ್ ಹಿಡದು ತೋರಿಸಿದಳು:
ಕತ್ತಿ ಹಾಲಿನ ಕ್ರೀಮು, ಸೂಕ್ಷ್ಮ ಚರ್ಮಕ್ಕ,
ಐವತ್ತು ಗ್ರಾಮಿಗೆ ಎಂಟುನೂರಾ ಎಪ್ಪತ್ತೈದು.
ಕಟಿಂಗ್ ಮಷೀನಿನ ಫಕ್ಕೀರಪ್ಪ ತಿರುಗಿ ನೋಡಿದ:
"ಕತ್ತಿಗೆ ಹಾಲು ಎಲ್ಲಿಂದ ಬಂತಬೇ?"
ನಮ್ಮಲ್ಲಿ ಒಳಗ ಕತ್ತಿ ಅಂದರ ಕಾಗದ ಕೊಯ್ಯೂದು,
ಹೊರಗ ಕತ್ತಿ ಅಂದರ ಒದರೂದು.
ಎಲ್ಲಾರೂ ನಕ್ಕರು. ನಾನೂ.
ನಕ್ಕರ ಸೈತ ನನ್ನ ಗಲ್ಲ ಚುರು ಅಂತಾವ.

ನಾನು ಹುಟ್ಟಿದ ಹನ್ನೊಂದನೇ ದಿನ
ಬೆಟಗೇರಿ ಓಣ್ಯಾಗ ಹುಲಿಗೆವ್ವ ಕತ್ತಿ ಹೊಡಕೊಂಡು ಬಂದಿದ್ದಳಂತ.
ಕತ್ತಿ ಹಾಲೇ... ಕೂಸಿನ ಕೆಮ್ಮಿಗೆ, ದಮ್ಮಿಗೆ...
ಅವ್ವ ಸೇರು ಜ್ವಾಳ ಕೊಟ್ಟು
ಹಿತ್ತಾಳಿ ಒಳಲಿ ತುಂಬ ಹಿಂಡಿಸಿಕೊಂಡಳು,
ಉಗುರು ಬೆಚ್ಚಗಿನ ಹಾಲು, ನೀರಿನಂಗ ತಿಳಿ.
ಸಾಲಿ ಹುಡುಗರಿಗೆ ಅಷ್ಟ ಸಾಕಾತು:
"ಕತ್ತಿ ಹಾಲು ಕುಡದಾಕಿ, ಒದರ ನೋಡೂಣು!"
ಒದರಲಿಲ್ಲ ನಾನು.
ಅಂದೂ ಇಲ್ಲ, ಆಮ್ಯಾಲೂ ಇಲ್ಲ.

ಡಬ್ಬಿ ಬಂತು. ಬೆರಳು ಮುಳುಗಿಸಾಕ ಮನಸು ಬರಲಿಲ್ಲ,
ಊದಿನಕಡ್ಡಿ ತುದಿಲೆ ತಕ್ಕೊಂಡು
ಮದಲ ಕಿವಿ ಹಿಂದ, ಆಮ್ಯಾಲ ಗದ್ದ,
ಮೂರನೇ ರಾತ್ರಿ ಗಲ್ಲ.
ತಂಪು.
ಯಾರೋ ಬಯ್ಯೂದು ನಿಲ್ಲಿಸಿದಂಗ ತಂಪು.

ಐತವಾರ ಹುಲಿಗೆವ್ವನ ಮೊಮ್ಮಗಳು ಕೆಂಚವ್ವ ಬಂದಳು.
ಅದ ಕೂಗು, ಹಿಂದ ನಿಂಬಿ ಅನ್ನೂ ಕತ್ತಿ, ಅದರ ಹಿಂದ ಮರಿ.
ಡಬ್ಬಿ ತಂದು ಆಕಿ ಮೂಗಿಗೆ ಹಿಡದೆ.
"ಗುಲಾಬಿ ನಾರತೈತಬೇ.
ನಮ್ಮ ನಿಂಬಿ ಒಂದ ದಿನಾನೂ ಹಿಂಗ ನಾರಿಲ್ಲ."
ರೇಟು ಕೇಳಿ ಬೆರಳ ಗೆಣ್ಣಿನ ಮ್ಯಾಲ ಒಳಲಿ ಎಣಿಸಿದಳು,
ಒಂದು ಕೈ ಮುಗೀತು, ಇನ್ನೊಂದು ಮುಗೀತು,
ಎಣಿಸೂದು ಬಿಟ್ಟಳು.
"ಅಷ್ಟೂ ಹಾಲು ಅವರು ಒಯ್ದರ ಮರಿ ಏನ ಕುಡೀತೈತಿ?"
ನನಗ ಗೊತ್ತಿರಲಿಲ್ಲ.
ಮರಿ ಮೂತಿ ಮ್ಯಾಲ ಹಾಲಿನ ಗೆರಿ ಒಣಗಿತ್ತು.
ಮುಟ್ಟಿದೆ.
ನಿನ್ನಿನ ಅರಿಷಿಣ ಇನ್ನೂ ಬೆರಳಾಗಿತ್ತೇನೋ,
ಅದರ ಮೂಗಿನ ಮ್ಯಾಲ ಹಳದಿ ಬೊಟ್ಟು ಉಳೀತು.

ಹನ್ನೆರಡು ದಿನ ಗಲ್ಲ ಸುಮ್ಮನಿದ್ದವು.
ಹದಿಮೂರನೇ ದಿನ ಮಷೀನು ತೊಳಿಯಾಕ
ಮಾಲಕರು ಚಿಮಣಿ ಎಣ್ಣಿ ಡಬರಿ ನನ್ನ ಮಗ್ಗಲಕ್ಕ ಇಟ್ಟರು,
ಹತ್ತೊಂಬತ್ತು ವರ್ಷ ಇಟ್ಟಂಗನ.
ಉರಿ ಏಳೂಕಿಂತ ಮದಲ
ಎದ್ಯಾಗಿಂದ ಒಂದು ದನಿ ಎದ್ದು ಬಂತು,
ದಪ್ಪ, ಒಡಕು, ಕೊನಿಗೆ ಉದ್ದಕ ಎಳದದ್ದು:
"ಅದನ್ನ ಆಚೆ ಇಡ್ರೀ!"
ಫಕ್ಕೀರಪ್ಪನ ಕತ್ತಿ ಅರ್ಧಕ್ಕ ನಿಂತಿತು.
ಮೆಹರುನ್ನಿಸಾ ಪತ್ರಿಕಿ ಮರ್ಯಾಗ ನಗತಿದ್ದಳು.
ಡಬರಿ ಹಿತ್ತಲಕ್ಕ ಹೋತು.

ಕ್ರೀಮು ಇನ್ನೂ ಮುಕ್ಕಾಲು ಡಬ್ಬಿ ಐತಿ.
ಒಳಲಿ ಅವ್ವನ ಟ್ರಂಕಿನ್ಯಾಗ ಸಿಕ್ಕಿತು, ಕರ್ರಗಾಗೈತಿ;
ಹುಣಸಿಹಣ್ಣು ಹಚ್ಚಿ ತಿಕ್ಕಬೇಕು.